ಚಪ್ಪಾಳೆ ತಟ್ಟಿದವರು

ತಿ. ನರಸೀಪುರದ ಬಸ್ ನಿಲ್ದಾಣದಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಇಂದ್ರಾಣಿಯ ಹೊಲಿಗೆ ಅಂಗಡಿ ಇತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಮೂಲೆಯಲ್ಲಿ ಮಿಷನ್ನು, ಗೋಡೆಯ ಮೇಲೆ ಬುದ್ಧ ಮತ್ತು ಅಂಬೇಡ್ಕರ್ ಪಟ, ಎದುರಿಗೆ ಕಲರ್ ಟೀವಿ. ಇಂದ್ರಾಣಿ ಹದಿನಾರು ಎಂಬ ಹಳ್ಳಿಯ ಹೆಣ್ಣು. ಎಸ್ಸೆಸ್ಸೆಲ್ಸಿ ಮುಗಿಸಿ ನಂಜನಗೂಡಿಗೆ ಓಡಾಡಿ ಹೊಲಿಗೆ ಕಲಿತವಳು. ಅವಳು ಹೊಲಿದ ರವಿಕೆ ತೋಳಿನಲ್ಲಿ ಹಿಡಿಯುವುದಿಲ್ಲ, ಕಂಕುಳಲ್ಲಿ ಬಿಚ್ಚುವುದಿಲ್ಲ ಎಂದು ಪೇಟೆ ಬೀದಿಯ ಹೆಂಗಸರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಾಯಿ ಮಾತ್ರ ಜೋರು. ಹೇಳಿದ ದಿನಕ್ಕೆ ಬಟ್ಟೆ ಆಗದಿದ್ದರೆ ಬೈಯುವುದಕ್ಕೆ ಬಂದವರೇ ಬೈಸಿಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ‘ಖಾಕಿ ಬೆಂಕಿ’ ಎಂಬ ಧಾರಾವಾಹಿಗೆ ಊರೇ ಹುಚ್ಚೆದ್ದಿತ್ತು. ಗುರುವಾರ ಸಂಜೆಯಾದರೆ ಅಕ್ಕಪಕ್ಕದ ಹೆಂಗಸರು ಬಟ್ಟೆ ಕೊಡುವ ನೆಪದಲ್ಲಿ ಬಂದು ಇಂದ್ರಾಣಿಯ ಅಂಗಡಿಯಲ್ಲಿ ಸೇರುತ್ತಿದ್ದರು. ಧಾನ್ಯದ ಅಂಗಡಿಯ ಸಿದ್ದಮಲ್ಲಪ್ಪನವರ ಹೆಂಡತಿ ಮಂಗಳಮ್ಮ ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಬಳಿ ಇದ್ದ ಒಂದೇ ಕುರ್ಚಿಯನ್ನು ಹಿಡಿಯುತ್ತಿದ್ದರು. ಇಂದ್ರಾಣಿ ಕಾಫಿ ಕೊಡಲೇ ಎಂದರೆ, “ಈಗಿನ್ನ ಕುಡಿದು ಬಂದೆ ಕಣಮ್ಮಿ” ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಒಂದು ದಿನವೂ ಕಾಫಿ ಕುಡಿಯದೆ ಬಂದದ್ದಿಲ್ಲ. ಅದು ಯಾಕೆಂದು ಇಂದ್ರಾಣಿಗೂ ಗೊತ್ತಿತ್ತು.

ಆ ಗುರುವಾರದ ಕಂತಿನಲ್ಲಿ ಶಹರದಲ್ಲೆಲ್ಲೋ ಬಾಂಬು ಇಟ್ಟಿದ್ದರು. ಇನ್‌ಸ್ಪೆಕ್ಟರು ಜೀಪಿನಲ್ಲಿ ಮರಳು ಲಾರಿಯ ಮೇಲಿಂದ ಹಾರಿದ. ಆಮೇಲೆ ಗೋಡೌನಿನಲ್ಲಿ ಮೂಟೆ ಹೊರುವ ಒಬ್ಬನನ್ನು ಎಳೆದು ತಂದು ಕುರ್ಚಿಗೆ ಕಟ್ಟಿದ. ಅವನು “ನಂಗೊತ್ತಿಲ್ಲ ಸಾರ್, ನಾನಲ್ಲ ಸಾರ್” ಎಂದು ಅಳುತ್ತಿದ್ದಂತೆ, ಮೇಜಿನ ಡ್ರಾಯರಿನೊಳಗೆ ಅವನ ಕೈ ಇಟ್ಟು ಬೂಟುಗಾಲಿನಿಂದ ಡ್ರಾಯರನ್ನು ಒದ್ದ. ಒಂದು ಬೆರಳು. ಎರಡು ಬೆರಳು. ಮೂರನೆಯದಕ್ಕೆ ಆ ಮನುಷ್ಯ ಬಾಂಬಿಟ್ಟವರ ಅಡಗುತಾಣ ಹೇಳಿಬಿಟ್ಟ. ಜೋರಾಗಿ ಮ್ಯೂಸಿಕ್ ಬಂತು. ಇನ್‌ಸ್ಪೆಕ್ಟರು ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ನಡೆದ.

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಇಂದ್ರಾಣಿ ಮಿಷನ್ನಿನಿಂದ ಎದ್ದವಳೇ ಟೀವಿ ಆರಿಸಿದಳು.

“ಅಯ್ಯೋ, ಯಾಕಮ್ಮಿ?” ಎಂದರು ಮಂಗಳಮ್ಮ. “ಇನ್ನೂ ಬಾಂಬೇ ಸಿಕ್ಕಿಲ್ವಲ್ಲ!”

“ಸಿಗ್ದೆ ಓದ್ರೆ ಸಿಡೀಲಿ. ಎದ್ದೋಗಿ ಎಲ್ರೂ. ಇವತ್ತಿಗೆ ಅಂಗಡಿ ಮುಚ್ತೀನಿ.”

“ಬೆರಳು ಮುರಿದ್ರೆ ತಾನೆ ಕಳ್ಳರು ಬಾಯ್ಬಿಡೋದು?” ಎಂದು ಯಾರೋ ಒಬ್ಬಳು ಮೆಟ್ಟಿಲಿಳಿಯುತ್ತ ಅಂದಳು. ಇಂದ್ರಾಣಿ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಅವಳು ತಿರುಗಿ ನೋಡದೆ ಹೋದಳು.

ಇಂದ್ರಾಣಿಯ ಗಂಡ ಮಹದೇವನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ತೊಂಬತ್ತಾರರಲ್ಲಿ ಅವನು ಊರಾಚೆಯ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಗಿರಣಿಯ ಹೊಸ ಮೋಟರು ಕಾಣೆಯಾಯಿತು. ಯಂತ್ರದ ಕೆಲಸ ಬಲ್ಲವನೇ ಬಿಚ್ಚಿರಬೇಕು ಎಂದು ಸಾಹುಕಾರರು ಹೇಳಿದರು. ಪೊಲೀಸರು ಮಹದೇವನನ್ನು ಕರೆದೊಯ್ದರು. ಯಾವ ಠಾಣೆ, ಯಾರು ಹೊಡೆದದ್ದು ಎಂಬುದನ್ನು ಅವನು ಹೆಂಡತಿಗೂ ಪೂರ್ತಿ ಹೇಳಲಿಲ್ಲ. ಬಿಟ್ಟು ಕಳಿಸುವಾಗ “ಮೋಟ್ರು ಸಿಕ್ತು, ಓಗು” ಎಂದರಂತೆ, ಅಷ್ಟೆ. ಎಲ್ಲಿ ಸಿಕ್ಕಿತು, ಯಾರು ಕದ್ದದ್ದು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ಒದೆ ತಿಂದ ಮೇಲೆ ಇವನೇ ಮೋಟರು ತೋರಿಸಿಕೊಟ್ಟಿರಬೇಕು ಎಂದು ಊರು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತು. ಅವತ್ತಿನಿಂದ ಅವನು ‘ಮೋಟ್ರು ಮಾದೇವ’.

ಗಿರಣಿಯ ಕೆಲಸ ಹೋಯಿತು. ಬಹಳ ಕಾಲ ಕೂಲಿನಾಲಿ ಮಾಡಿದ ಮೇಲೆ ಬೀದಿಗಳಿಗೆ ಕುಡಿಯುವ ನೀರು ಬಿಡುವ ಕೆಲಸ ಸಿಕ್ಕಿತು. ಎಡಗೈಯಲ್ಲೇ ವಾಲ್ವ್ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಂಡ. ನೀರು ತಡವಾದರೆ ಕೊಡ ಹಿಡಿದು ನಿಂತವರು, “ಎಲ್ಲೋದ್ನೋ ಈ ಮೋಟ್ರು ಮಾದೇವ?” ಎಂದು ಕೂಗುತ್ತಿದ್ದರು. ಅದು ಬೈಗುಳ ಎಂಬುದೇ ಬಹಳ ಜನಕ್ಕೆ ಮರೆತುಹೋಗಿತ್ತು. ನೀರಿನ ಮೋಟರಿನವನಾದ್ದರಿಂದ ಆ ಹೆಸರು ಎಂದು ಚಿಕ್ಕ ಮಕ್ಕಳು ತಿಳಿದುಕೊಂಡಿದ್ದರು. ಮಗಳು ಮಧುಶ್ರೀಯೂ ಹಾಗೇ ತಿಳಿದಿದ್ದಳು. ಅಪ್ಪನ ಬೆರಳು ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋದದ್ದು ಎಂದು ಅವಳಿಗೆ ಹೇಳಿದ್ದರು.

ಟೀವಿ ಆರಿಸಿದ ಮಾರನೆಯ ವಾರ ಆ ಚಾನೆಲ್ಲಿನ ವ್ಯಾನು ಊರಿಗೆ ಬಂತು. ‘ವೀಕ್ಷಕರ ಮಾತು’ ಎಂಬ ಕಾರ್ಯಕ್ರಮಕ್ಕೆ ಜನರ ಅಭಿಪ್ರಾಯ ಕೇಳಿಕೊಂಡು ಹೋಗುವುದಕ್ಕೆ. ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗನೊಬ್ಬ ಫೈಟು ಸೂಪರ್ ಎಂದ. ಕಂಡಕ್ಟರೊಬ್ಬ ಜಾಹೀರಾತು ಜಾಸ್ತಿಯಾಯಿತು ಎಂದು ದೂರಿದ. ಬೆತ್ತ ಹಿಡಿದ ಮುದುಕರೊಬ್ಬರು, “ಜೀಪು ಅಂಗೆ ಆರಕ್ಕಿಲ್ಲ ಕಣಮ್ಮ, ಸುಳ್ಳು” ಎಂದಾಗ ಸುತ್ತ ನಿಂತವರೆಲ್ಲ ನಕ್ಕರು. ದಾರ ತರಲು ಬಂದಿದ್ದ ಇಂದ್ರಾಣಿ ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ ನಿಂತಳು.

“ನಾನು ಹೇಳ್ಬೇಕು” ಎಂದಳು.

ಮೈಕು ಹಿಡಿದ ಹುಡುಗಿ ಸಂತೋಷದಿಂದ, “ಹೇಳಿ ಮೇಡಂ, ಹೋದ ವಾರದ ಕಂತು ಹೇಗಿತ್ತು?” ಎಂದಳು.

ಇಂದ್ರಾಣಿ ಓದಿದವಳಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: “ನಮ್ಮ ಅಂಗಡೀಲಿ ಕೂತಿದ್ದ ಹೆಂಗಸ್ರೆಲ್ಲ ಚಪ್ಪಾಳೆ ತಟ್ಟಿದ್ರು. ಇನ್‌ಸ್ಪೆಕ್ಟರ್ ಬೆರಳು ಮುರಿದ್ರೆ ಜನಕ್ಕೆ ಅಷ್ಟು ಖುಷಿ. ನಂಗೆ ಮಾತ್ರ ಹೊಟ್ಟೇಲಿ ಬೆಂಕಿ ಬಿದ್ದಂಗಾಯ್ತು. ಯಾಕೆ ಗೊತ್ತಾ? ನಮ್ಮನೆಯವ್ರನ್ನ ಹಿಂಗೇ ಎಳ್ಕೊಂಡೋಗಿ ಹೊಡೆದ್ರು. ಅವರು ಏನೂ ಕದ್ದಿರಲಿಲ್ಲ. ಇವತ್ತಿಗೂ ಅವರು ಎಡಗೈಲಿ ಉಣ್ತಾರೆ. ನಿಮ್ಮ ಕಥೆಯೋರಿಗೆ ಹೇಳಿ, ಹೊಡೆಸಿಕೊಂಡೋನು ಕಳ್ಳ ಅಲ್ಲದೇ ಇದ್ರೆ ಆಮೇಲೆ ಏನಾಯ್ತು ಅಂತ್ಲೂ ಒಂದು ಕಂತು ತೋರ್ಸಿ ಅಂತ.”

ಹುಡುಗಿ ಮೈಕು ಇಳಿಸಿ ಕ್ಯಾಮರಾದವನ ಮುಖ ನೋಡಿದಳು. “ಥ್ಯಾಂಕ್ಸ್ ಮೇಡಂ, ತುಂಬಾ ಚೆನ್ನಾಗಿ ಮಾತಾಡಿದ್ರಿ” ಎಂದಳು. ಇಂದ್ರಾಣಿ ದಾರ ಕೊಳ್ಳುವುದನ್ನೂ ಮರೆತು ಮನೆಗೆ ಬಂದಳು. ಬಹಳ ದಿನದ ಮೇಲೆ ಎದೆ ಹಗುರವಾಗಿತ್ತು. ಗಂಡನಿಗೆ ಏನೂ ಹೇಳಲಿಲ್ಲ. ಟೀವಿಯಲ್ಲಿ ಬಂದಾಗ ತಾನೇ ನೋಡಲಿ ಎಂದುಕೊಂಡಳು.

ಕಾರ್ಯಕ್ರಮ ಬಂದ ದಿನ ಗಂಡ ಹೆಂಡತಿ ಇಬ್ಬರೂ ಟೀವಿಯ ಮುಂದೆ ಕೂತಿದ್ದರು. ಮಧುಶ್ರೀ ಟ್ಯೂಷನ್ನಿಗೆ ಹೋಗಿದ್ದಳು. ಕಾಲೇಜು ಹುಡುಗ ಬಂದ, ಮುದುಕರು ಬಂದರು, ಆಮೇಲೆ ಇಂದ್ರಾಣಿ ಬಂದಳು. “ನಮ್ಮ ಅಂಗಡೀಲಿ ಕೂತಿದ್ದ ಹೆಂಗಸ್ರೆಲ್ಲ ಚಪ್ಪಾಳೆ ತಟ್ಟಿದ್ರು. ಇನ್‌ಸ್ಪೆಕ್ಟರ್ ಬೆರಳು ಮುರಿದ್ರೆ ಜನಕ್ಕೆ ಅಷ್ಟು ಖುಷಿ.” ಅಷ್ಟೇ. ಅವಳ ಮುಖ ಹೋಗಿ ಆ ದೃಶ್ಯವೇ ಮತ್ತೆ ಬಂತು. ಬೂಟುಗಾಲು, ಡ್ರಾಯರು, ಕಿರುಚಾಟ.

ಮಹದೇವ ಮೆಲ್ಲಗೆ ಕೇಳಿದ: “ನೀನೂ ತಟ್ಟಿದ್ಯಾ?”

“ಅಯ್ಯೋ, ಇಲ್ಲ! ಕತ್ತರಿಸವ್ರೆ ಕಣ್ರೀ, ಬೋಳಿಮಕ್ಕಳು! ನಾನು ಅಷ್ಟೇ ಅಂದಿಲ್ಲ. ಪೂರ್ತಿ ಯೋಳ್ದೆ. ನಿಮ್ಮನ್ನ ಎಳ್ಕೊಂಡೋಗಿದ್ದು, ಒಡೆದಿದ್ದು, ಎಡಗೈಲಿ ಉಣ್ಣೋದು, ಎಲ್ಲಾ ಯೋಳ್ದೆ.”

ಮಹದೇವನ ಮುಖ ಗಟ್ಟಿಯಾಯಿತು. “ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ ಎಲ್ಲಾ.”

“ಬಸ್‌ಸ್ಟ್ಯಾಂಡಲ್ಲಿ? ಜನದ್ ಮುಂದೆ?”

ಇಂದ್ರಾಣಿ ಟೀವಿಯ ದನಿ ತಗ್ಗಿಸಿದಳು.

“ಯಾರನ್ನ ಕೇಳಿ ಯೋಳ್ದೆ ನೀನು?” ಅವನು ಎದ್ದು ನಿಂತಿದ್ದ. ಮದುವೆಯಾದ ಮೇಲೆ ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. “ಒದೆ ತಿಂದೋನು ನಾನು. ಮೈ ನಂದು, ಬೆರಳು ನಂದು. ಇಷ್ಟು ವರ್ಸ ಮಗೀಗೆ ಗೊತ್ತಾಗ್ದಂಗೆ ಮಡೀಕಂಡಿವ್ನಿ. ಅದ ತಕಂಡೋಗಿ ಮೈಕಿಗೆ ಆಕ್ದಾ? ಅವರು ಕತ್ತರಿಸ್ದೆ ಬುಟ್ಟಿದ್ರೆ ಇವತ್ತು ಮಗು ನನ್ ಮಕ ಎಂಗ್ ನೋಡ್ತಿತ್ತು?”

“ನೀವು ಕದ್ದಿಲ್ವಲ್ಲ! ಮುಚ್ಚಿಡೋಕೆ ನೀವೇನ್ ತಪ್ಪು ಮಾಡಿದ್ರಿ?”

“ಕದ್ದಿಲ್ಲ. ಆದ್ರೆ ಅತ್ತಿವ್ನಿ. ಕಾಲ್ ಇಡ್ಕಂಡಿವ್ನಿ. ಅದು ನಂದು. ನಿಂದಲ್ಲ.”

ಅವನು ಹೊರಗೆ ಹೋದ. ಇಂದ್ರಾಣಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಗಂಡನ ಮಾತು ಸರಿ ಎಂದು ಒಳಗೆ ಗೊತ್ತಾಗುತ್ತಿತ್ತು. ಗೊತ್ತಾದಷ್ಟೂ ಮೈ ಉರಿಯುತ್ತಿತ್ತು.

ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಚಾನೆಲ್ಲಿನ ನಂಬರಿಗೆ ಫೋನು ಮಾಡಿದಳು. ಅತ್ತಿತ್ತ ಕೊಟ್ಟು ಕೊನೆಗೆ ಒಬ್ಬ ಗಂಡಸು ಮಾತಿಗೆ ಸಿಕ್ಕಿದ.

“ಓ, ಟೈಲರ್ ಮೇಡಮ್ಮಾ? ನಿಮ್ಮದು ಸಕ್ಕತ್ತಾಗಿ ಬಂತಲ್ಲ!”

“ಅರ್ಧ ಎಲ್ಲಿ ಹೋಯ್ತು?”

“ಟೈಮ್ ಇರಲ್ಲ ಮೇಡಂ. ಅಷ್ಟು ಸೀರಿಯಸ್ಸಾಗಿ ಹಾಕಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ.”

“ನನ್ನ ಮಾತನ್ನೇ ಉಲ್ಟಾ ಮಾಡಿದ್ದೀರಲ್ರೀ. ನಾನು ಬೈದಿದ್ದು, ಹೊಗಳಿದಂಗೆ ತೋರ್ಸಿದ್ದೀರ. ಇನ್ನೊಂದ್ ಸಲ ಪೂರ್ತಿ ಹಾಕಿ.” ಹೇಳಿದ ಮೇಲೆ ಗಂಡನ ಮುಖ ನೆನಪಾಗಿ, “ಬೇಡ, ಹಾಕ್ಬೇಡಿ. ಅದನ್ನ ತೆಗೆದುಬಿಡಿ. ತಪ್ಪಾಯ್ತು ಅಂತ ಹೇಳಿ” ಎಂದಳು.

“ಆ ಟೇಪಿನ ಮೇಲೆ ಬೇರೆ ರೆಕಾರ್ಡ್ ಆಗೋಯ್ತು ಮೇಡಂ” ಎಂದು ಅವನು ಫೋನಿಟ್ಟ.

ಅವಳು ಬೂತಿನ ಗಾಜಿನ ಬಾಗಿಲನ್ನು ಎಳೆದು ಬಡಿದ ರಭಸಕ್ಕೆ ಒಳಗೆ ಕೂತಿದ್ದವನು ಎದ್ದು ನಿಂತ.

ಆ ವಾರವಿಡೀ ಬಂದವರೆಲ್ಲ ಅಭಿನಂದನೆ ಹೇಳುವವರೇ. ‘ಟೀವೀಲಿ ಬಂದ್ರಲ್ಲ’ ಎಂದವರಿಗೆಲ್ಲ ‘ಅಳತೆ ಕೊಡಿ’ ಎಂದಷ್ಟೇ ಹೇಳಿ ಇಂದ್ರಾಣಿ ಟೇಪು ಹಿಡಿಯುತ್ತಿದ್ದಳು. ಗೌರಿ ಹಬ್ಬ ಹತ್ತಿರವಿತ್ತು. ಒಂದು ಮಧ್ಯಾಹ್ನ ಮಂಗಳಮ್ಮ ರೇಷ್ಮೆ ಸೀರೆಯ ರವಿಕೆ ಬಟ್ಟೆ ತಂದು, ಕುರ್ಚಿಯಲ್ಲಿ ಕೂತು, “ಏನಮ್ಮಿ, ದೊಡ್ಡೋಳಾಗ್ಬುಟ್ಟೆ! ನಮ್ಮ ಚಪ್ಪಾಳೆ ವಿಚಾರಾನೂ ಯೋಳ್ಬುಟ್ಯಲ್ಲ!” ಎಂದು ನಕ್ಕರು.

“ಅದು ನಾನು ಯೋಳ್ದಂಗೆ ಬಂದಿಲ್ಲ ಮಂಗಳಮ್ಮೋರೆ. ಕತ್ತರಿಸವ್ರೆ” ಎಂದಳು ಇಂದ್ರಾಣಿ. ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತ ಕೂತಳು.

ಮಂಗಳಮ್ಮ ಅವಳ ಮುಖವನ್ನೇ ನೋಡಿದರು. ಅಂದು ಟೀವಿ ಯಾಕೆ ಆರಿತೆಂದು ಅವರಿಗೆ ಆಗ ಹೊಳೆದಿರಬೇಕು. ದನಿ ತಗ್ಗಿಸಿ, ಸಮಾಧಾನ ಹೇಳುವವರಂತೆ ಹೇಳಿದರು: “ಮಾದೇವನ ಇಸ್ಯವಾ? ಅದನ್ನಿನ್ನೂ ಮನಸ್ಸಿಗೆ ಅಚ್ಕೊಂಡಿದ್ದೀಯಾ? ಬುಡು ಕಣಮ್ಮಿ, ಹಳೇದು. ಅವನು ಕದ್ದಿಲ್ಲ ಅಂತ ನಮ್ಮನೆಯವ್ರಿಗೆ ಅವತ್ತೇ ಗೊತ್ತಿತ್ತು.”

ಇಂದ್ರಾಣಿಯ ಕೈಯಲ್ಲಿದ್ದ ಸೂಜಿ ನಿಂತಿತು. ಮಂಗಳಮ್ಮನ ಗಂಡ ಸಿದ್ದಮಲ್ಲಪ್ಪ ಧಾನ್ಯದ ಅಂಗಡಿ ಇಡುವ ಮುಂಚೆ ಅದೇ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು.

“ಏನ್ ಗೊತ್ತಿತ್ತು?”

“ಸಾವ್ಕಾರ್ರ ಭಾಮೈದನೇ ಟೆಂಪೋಗೆ ಆಕ್ಕೊಂಡೋಗಿ ಮೈಸೂರಲ್ಲಿ ಮಾರಿದ್ನಂತಲ್ಲ. ಗಿರಣಿ ಬೀಗದ ಕೈ ಇಸ್ಕೊಂಡಿದ್ದೇ ಇವರತ್ರ. ಆಮ್ಯಾಕೆ ವಿಷ್ಯ ಗೊತ್ತಾಗಿ ಸಾವ್ಕಾರ್ರು ಒಳಗೊಳಗೇ ಮುಚ್ಚಾಕುದ್ರು. ಬಾಯ್ಬುಟ್ರೆ ಕೆಲಸ ಇಲ್ಲ ಅಂದಿದ್ರಂತೆ. ಇವರೇನ್ ಮಾಡಕಾಯ್ತದೆ, ಪಾಪ?”

“ನಿಮಗೆ ಯಾವಾಗ ಗೊತ್ತಾಯ್ತು?”

“ಮಾದೇವನ್ನ ಪೊಲೀಸ್ನೋರು ಕರ್ಕೊಂಡೋದ ದಿನವೇ, ಮನೆಗೆ ಬಂದು ಯೋಳುದ್ರು. ಊಟವೇ ಮಾಡ್ನಿಲ್ಲ ಅವರು.”

ಇಂದ್ರಾಣಿ ಎದ್ದು ರವಿಕೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಂಗಳಮ್ಮನ ಮಡಿಲಿಗೆ ಹಾಕಿದಳು.

“ಅವರು ಒಂದೊತ್ತು ಊಟ ಬುಟ್ರು. ನನ್ ಗಂಡ ಒಂದ್ ಕೈನೇ ಬುಟ್ರು. ಗೊತ್ತಿದ್ದೂ ಇಷ್ಟು ವರ್ಸ ನನ್ ಮುಂದೆ ಬಂದು ಕೂತ್ಕೊಂಡು ಅಳತೆ ಕೊಟ್ರಲ್ಲ ನೀವು! ಅದೂ ಸಾಲ್ದು ಅಂತ ನನ್ ಮನೇಲೇ ಕೂತು ಚಪ್ಪಾಳೆ ತಟ್ಟಿದ್ರಿ! ಏಳಿ. ಇನ್ನ ಈ ಮೆಟ್ಲು ಅತ್ಬೇಡಿ.”

“ನಾನು ಒಳ್ಳೇದಕ್ಕೆ ಅಂದ್ರೆ...” ಎಂದು ಮಂಗಳಮ್ಮ ಗೊಣಗುತ್ತ ಎದ್ದರು.

ಅಂದು ಇಂದ್ರಾಣಿಗೆ ನೇರ ಸಿದ್ದಮಲ್ಲಪ್ಪನವರ ಅಂಗಡಿಗೆ ಹೋಗಿ ಅವರ ಮೂಟೆಗಳನ್ನೆಲ್ಲ ರಸ್ತೆಗೆ ಸುರಿಯಬೇಕು ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿನವರೆಗೂ ಹೋದಳು. ಅಲ್ಲಿ ನಿಂತಳು. ‘ಅದು ನಂದು, ನಿಂದಲ್ಲ’ ಎಂದ ಮಾತು ಕಿವಿಯಲ್ಲಿತ್ತು. ಹಿಂದಿರುಗಿ ಬಂದು, ಮಹದೇವ ಕೆಲಸದಿಂದ ಬರುವವರೆಗೂ ಹಲ್ಲು ಕಚ್ಚಿಕೊಂಡು ಕೂತಳು.

ಅವನು ಕೈಕಾಲು ತೊಳೆದು ಒಳಗೆ ಬಂದ ಮೇಲೆ ಎಲ್ಲವನ್ನೂ ಹೇಳಿದಳು. ಅವನು ಗೋಡೆಗೊರಗಿ ಕೇಳಿದ.

“ಅವ್ರ ಬೀದಿಗೆ ನೀರು ನಿಲ್ಸಿ ಮೊದ್ಲು” ಎಂದಳು ಇಂದ್ರಾಣಿ. “ಹಬ್ಬದ ದಿನ ಕೊಡ ಇಡ್ಕೊಂಡು ಸಾಯ್ಲಿ.”

“ಬೀದೀಲಿ ಬ್ಯಾರೆಯೋರೂ ಅವ್ರೆ” ಎಂದ ಮಹದೇವ. ಆಮೇಲೆ, “ಗುಮಾಸ್ತ್ರು ದಿನಾ ನನ್ನ ನೋಡಿ ನಗ್ತಿದ್ರು ಕಣೆ. ಚೆನ್ನಾಗಿದ್ದೀಯಾ ಮಾದೇವ ಅಂತಿದ್ರು. ಊರಲ್ಲಿ ಅವರೊಬ್ರು ಮೋಟ್ರು ಅಂತಿರ್ನಿಲ್ಲ. ಒಳ್ಳೇ ಮನುಷ್ಯ ಅನ್ಕೊಂಡಿದ್ದೆ” ಎಂದ.

ಮಧುಶ್ರೀ ಶಾಲೆಯಿಂದ ಬಂದಾಗ ಅವನು ಅವಳನ್ನು ಹತ್ತಿರ ಕೂರಿಸಿಕೊಂಡು ಬೆರಳಿನ ವಿಷಯ ಹೇಳಿದ. ಬೆಲ್ಟು ಅಲ್ಲ ಎಂದ. ಯಾರು ಕದ್ದದ್ದು, ಯಾರಿಗೆ ಗೊತ್ತಿತ್ತು ಎಂಬುದನ್ನೂ ಹೇಳಿದ. ಇಂದ್ರಾಣಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಒಂದು ಮಾತನ್ನೂ ಸೇರಿಸಲಿಲ್ಲ. ಹುಡುಗಿ ಅಳಲಿಲ್ಲ. ಅಪ್ಪನ ಕೈ ಹಿಡಿದು ಆ ಎರಡು ಬೆರಳನ್ನು ತಿರುಗಿಸಿ ನೋಡಿ, “ಅಪ್ಪಾ, ಮೋಟ್ರು ಮಾದೇವ ಅಂತ ಕೂಗಿದ್ರೆ ನೀನ್ ಯಾಕೆ ಓ ಅಂತಿದ್ದೆ?” ಎಂದು ಕೇಳಿದಳು.

ಮಾರನೆಯ ಬೆಳಿಗ್ಗೆ ನೀರು ಬಿಟ್ಟು ಮುಗಿಸಿ ಅವನು ಸಿದ್ದಮಲ್ಲಪ್ಪನವರ ಅಂಗಡಿಗೆ ಹೋದ. ಇಂದ್ರಾಣಿಯೂ ಜೊತೆಗೆ ಹೋದಳು. ಅಂಗಡಿಯ ಪಕ್ಕದಲ್ಲೇ ಟೀ ಹೋಟೆಲು. ಬಸ್ಸಿಗೆ ಬಂದವರು, ಹಳ್ಳಿಯಿಂದ ಧಾನ್ಯ ತಂದವರು ಲೋಟ ಹಿಡಿದು ನಿಂತಿದ್ದರು. ಹೆಂಡತಿಯಿಂದ ವಿಷಯ ತಿಳಿದಿದ್ದ ಸಿದ್ದಮಲ್ಲಪ್ಪನವರ ಮುಖ ಇವರನ್ನು ಕಂಡೊಡನೆ ಬಿಳಿಚಿಕೊಂಡಿತು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

“ಬಾ ಮಾದೇವ, ಒಳಗ್ ಬಾ. ಕೂತ್ಕೊಂಡು ಮಾತಾಡಣ” ಎಂದರು.

“ಒಳಗೆ ಬ್ಯಾಡಿ ಗುಮಾಸ್ತ್ರೆ. ನೀವೇ ಈಚೆಗೆ ಬನ್ನಿ.”

ಅವರು ಬಂದರು. “ತಪ್ಪಾಯ್ತು ಕಣಪ್ಪ” ಎಂದು ಅವನ ಕಿವಿಗಷ್ಟೇ ಕೇಳುವಂತೆ ಹೇಳಿದರು.

“ನಂಗ್ ಯೋಳ್ಬೇಡಿ. ನಂಗೊತ್ತು. ಇವರಿಗೆ ಯೋಳಿ. ಮೋಟ್ರು ಯಾರು ಕದ್ದಿದ್ದು?”

ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಸಿದ್ದಮಲ್ಲಪ್ಪನವರು ಏನೋ ಗೊಣಗಿದರು.

“ಕೇಳ್ನಿಲ್ಲ.”

“ಇವನು ಕದ್ದಿಲ್ಲ” ಎಂದರು ಅವರು. “ಸಾವ್ಕಾರ್ರ ಭಾಮೈದ ತಕ್ಕೊಂಡೋಗಿದ್ದು. ಬೀಗದ ಕೈ ನಾನೇ ಕೊಟ್ಟಿದ್ದೆ. ಗೊತ್ತಿತ್ತು ನಂಗೆ. ಎದುರ್ಕೊಂಡು ಯೋಳ್ನಿಲ್ಲ. ಮಕ್ಕಳು ಚಿಕ್ಕೋರು, ಕೆಲಸ ಓಯ್ತದೆ ಅಂತ...”

“ನಂಗೂ ಮಗಳಿದ್ಲು” ಎಂದ ಮಹದೇವ.

ಆಮೇಲೆ ಹೋಟೆಲಿನ ತಿಮ್ಮಯ್ಯ ರಾಜಿ ಮಾಡುವವನಂತೆ, “ಓಗ್ಲಿ ಬುಡು ಮಾದೇವ, ಹಳೇ ಕತೆ ಈಗ್ಯಾಕೆ?” ಎಂದ.

ಮಹದೇವ ಅವನ ಕಡೆ ತಿರುಗಿದ. “ಮೊನ್ನೆ ಸಂಜೆ ನಲ್ಲೀಲಿ ನೀರು ನಿಂತಾಗ ಏನಂತ ಕೂಗ್ದೆ ತಿಮ್ಮಯ್ಯ? ಮೋಟ್ರು ಅಂದ್ಯಲ್ಲ? ಅದು ನಿಂಗೆ ಹಳೇದಾ?”

ತಿಮ್ಮಯ್ಯ ಲೋಟ ತೊಳೆಯಲು ಬಗ್ಗಿದ.

ಸಿದ್ದಮಲ್ಲಪ್ಪನವರು ಕೈ ಮುಗಿದರು. “ಕ್ಷಮಿಸ್ಬುಡು” ಎಂದರು. ಮಹದೇವ ಆ ಮುಗಿದ ಕೈಗಳನ್ನು ನೋಡುತ್ತ, “ಇಲ್ಲ” ಎಂದ. ಬೈಯಲಿಲ್ಲ, ಕೈ ಎತ್ತಲಿಲ್ಲ. ಆ ಒಂದೇ ಮಾತು ಹೇಳಿ ನಡೆದ. ಹೇಳುವುದಕ್ಕೆ ಇಂದ್ರಾಣಿಯ ಬಾಯಿ ತುಂಬ ಮಾತಿತ್ತು. ಅಷ್ಟನ್ನೂ ನುಂಗಿಕೊಂಡು ಗಂಡನ ಹಿಂದೆ ಹೊರಟಳು. ಅವಳ ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

ಊರೇನೂ ಒಂದೇ ದಿನಕ್ಕೆ ಬದಲಾಗಲಿಲ್ಲ. ಸಾಹುಕಾರರು ಗಿರಣಿ ಮಾರಿ ಮೈಸೂರು ಸೇರಿ ಬಹಳ ಕಾಲವಾಗಿತ್ತು. ಅವರನ್ನಾಗಲಿ, ಹೊಡೆದ ಪೊಲೀಸರನ್ನಾಗಲಿ ಯಾರೂ ಏನೂ ಕೇಳಲಿಲ್ಲ. ಕೇಳೋಣ ಎಂದು ಇಂದ್ರಾಣಿ ವಕೀಲರೊಬ್ಬರ ಹತ್ತಿರ ಹೋಗಿದ್ದಳು. ಇಷ್ಟು ವರ್ಷದ ಮೇಲೆ ಏನೂ ನಿಲ್ಲುವುದಿಲ್ಲ ಎಂದು ಅವರು ಕೈ ಆಡಿಸಿದರು. ಮಂಗಳಮ್ಮ ರವಿಕೆ ಹೊಲಿಸುವುದಕ್ಕೆ ಬೇರೆ ಕಡೆ ಹೋದರು. ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಳ್ಳುತ್ತ ಆಚೆ ಬದಿಗೆ ದಾಟುತ್ತಿದ್ದರು. ‘ಖಾಕಿ ಬೆಂಕಿ’ ನಿಲ್ಲಲಿಲ್ಲ. ಗುರುವಾರದ ಹೆಂಗಸರು ನೋಡುವುದಕ್ಕೆ ಇನ್ನೊಂದು ಮನೆ ಹುಡುಕಿಕೊಂಡರು.

ಮಹದೇವನನ್ನು ಹಳೆಯ ಹೆಸರಿನಿಂದ ಕೂಗುವವರು ಕಡಿಮೆಯಾದರು, ಆದರೆ ಪೂರ್ತಿ ಹೋಗಲಿಲ್ಲ. ಅಭ್ಯಾಸಬಲದಿಂದ ಯಾರಾದರೂ ಕೂಗಿದರೆ ಅವನು ಈಗ ಓ ಎನ್ನುವುದಿಲ್ಲ. ವಾಲ್ವಿನ ಗುಂಡಿಯಿಂದ ತಲೆಯೆತ್ತಿ, “ಮೋಟ್ರು ಕದ್ದೋನು ಸಾವ್ಕಾರ್ರ ಭಾಮೈದ. ನನ್ನೆಸ್ರು ಮಹದೇವ” ಎನ್ನುತ್ತಾನೆ. ಅವರು ಸರಿಯಾದ ಹೆಸರು ಹೇಳುವವರೆಗೂ ನೀರು ಬಿಡುವುದಿಲ್ಲ.